ನಾರುವಾಗ ಯಾರದೂ ಅಲ್ಲದ ಬೆಕ್ಕು

ಲವಂಗದ ದ್ವೀಪದ ವೇಟೆ ಬಂದರಿನಿಂದ ಏರು ಹತ್ತಿ ಬರುವ ನಮ್ಮ ಓಣಿಯಲ್ಲಿ ಹೆಂಗಸು ಸತ್ತರೆ ಮೊದಲು ಕರೆ ಹೋಗುವುದು ಬಿ ಕಜೀಜಾಳಿಗೆ; ಹಿರಿಯ ಹೆಂಗಸರಿಗೆ ನಮ್ಮಲ್ಲಿ ಬಿ ಎನ್ನುವುದು ಮರ್ಯಾದೆ. ಅವಳು ಬಂದು, ಗಂಡಸರನ್ನು ಹೊರಗಟ್ಟಿ, ನೀರು ಬೆಚ್ಚಗೆ ಮಾಡಿಸಿ, ಮಯ್ಯತ್ತಿನ ಮೈ ತೊಳೆದು, ಕರ್ಪೂರ ಹಾಕಿ, ಕಫನ್ ಸುತ್ತಿ ಕೊಡಬೇಕು. ಅಲ್ಲಿಯವರೆಗೆ ಮಗಳು ತಾಯಿಯನ್ನು ಮುಟ್ಟುವುದಿಲ್ಲ, ಸೊಸೆ ಅತ್ತೆಯ ಕೋಣೆಗೆ ಕಾಲಿಡುವುದಿಲ್ಲ. ಅದೇ ಮನೆಯಲ್ಲಿ ಮದುವೆ ನಡೆದರೂ ಕಜೀಜಾಳನ್ನು ಹೆಣ ತೊಳೆಯಲು ಬರುವ ಹಿಂದಿನ ಬಾಗಿಲಿನಿಂದಲೇ ಕರೆದು ಒಲೆಯ ಹತ್ತಿರ ಕೂರಿಸುತ್ತಾರೆ. ಆ ಕೈ ಮದುಮಗಳನ್ನು ಮುಟ್ಟಬಾರದಂತೆ. ಮದುಮಗಳ ಬಟ್ಟೆ ಹೊಲಿದ ನನ್ನ ಕೈಗೆ ಮಾತ್ರ ಮುಂದಿನ ಚಾಪೆ, ಅತ್ತರು, ಮೊದಲ ತಟ್ಟೆಯ ಪಿಲಾವು. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಮಯಾಸಾ. ಕಜೀಜಾಳ ಗೋಡೆಗೆ ನನ್ನ ಗೋಡೆ ಅಂಟಿಕೊಂಡಿದೆ. ಅವಳು ನನಗಿಂತ ಸ್ವಲ್ಪ ದೊಡ್ಡವಳಾದರೂ ನಾವಿಬ್ಬರೂ ಒಬ್ಬರನ್ನೊಬ್ಬರು ನೀನು ಎಂದೇ ಕರೆದುಕೊಂಡವರು. ಅವಳ ಗಂಡ ಶೋಕಾ ಲವಂಗ ಕೊಯ್ಯುವವನು. ಲವಂಗದ ಕೊಂಬೆ ನೋಡಲು ಗಟ್ಟಿ, ಕಾಲಿಟ್ಟರೆ ಪಟ್ಟನೆ ಮುರಿಯುತ್ತದೆ. ಒಂದು ಕೊಯ್ಲಿನಲ್ಲಿ ಹಾಗೇ ಮುರಿದು ಬಿದ್ದವನು ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ವರ್ಷಗಟ್ಟಲೆ ಹಾಸಿಗೆಯಲ್ಲೇ ಮಲಗಿದ. ಮಲಗಿದಲ್ಲೇ ಬೆನ್ನು ಕಿತ್ತು ಹುಣ್ಣಾಯಿತು. ಕಜೀಜಾ ಅವನನ್ನು ಹೊರಳಿಸಿದಳು, ತೊಳೆದಳು, ಒರೆಸಿದಳು. ಅವನ ಅಣ್ಣತಮ್ಮಂದಿರು ಬಂದರೆ ಹೊಸ್ತಿಲ ಹೊರಗೇ ನಿಂತು, ಟೋಪಿ ತೆಗೆದು ಮೂಗಿಗೆ ಹಿಡಿದು, "ಹೇಗಿದಾನೆ?" ಎಂದು ಕೇಳಿ ಹೋಗುತ್ತಿದ್ದರು. ಅವನು ಸತ್ತ ದಿನ ಮಾತ್ರ ಎಲ್ಲರೂ ಒಳಗೆ ಬಂದರು. ದೊಡ್ಡಣ್ಣ ಹೊದಿಕೆ ಎತ್ತಿ ನೋಡಿ, ನೆರೆದವರೆಲ್ಲ ಕೇಳುವ ಹಾಗೆ ಅಂದ: "ಇಷ್ಟು ಹುಣ್ಣಾಗೋ ತನಕ ನೀನೇನ್ ಮಾಡ್ತಿದ್ದೆ?"

ಅವತ್ತು ಕಜೀಜಾ ತುಟಿ ಬಿಚ್ಚಲಿಲ್ಲ. ಆಮೇಲೆ ಅವಳು ಬಾಯಿ ಮುಚ್ಚಿಕೊಂಡಿದ್ದನ್ನು ಈ ಓಣಿ ಕಂಡಿಲ್ಲ. ನೀರಿನ ನಲ್ಲಿಯ ಹತ್ತಿರ, ಮೀನಿನ ಕಟ್ಟೆಯ ಮೇಲೆ, ಹಡಗು ತಡವಾದರೆ ಬಂದರಿನಲ್ಲಿ, ಎಲ್ಲೆಂದರಲ್ಲಿ ಅವಳ ದನಿ. ಜಗಳಗಂಟಿ ಎಂದರು. ಎನ್ನಲಿ.

ಈಗ ಬೆಕ್ಕಿನ ವಿಷಯ. ಬಿಳಿ ಮೈ, ಅಲ್ಲಲ್ಲಿ ಕೆಂಚು ಮಚ್ಚೆ, ಕುಂಬಳಕಾಯಿಯಂಥ ತಲೆಯ ಗಂಡು ಬೆಕ್ಕು. ನಮ್ಮ ಓಣಿಯ ಅಕ್ಕಿ ಅಂಗಡಿ ಮಸೂದನದು. ಬೆಕ್ಕು ಅವನ ಮೂಟೆಗಳ ಮೇಲೆ ಮಲಗಿ ಇಲಿ ಹಿಡಿಯುತ್ತಿತ್ತು. ಅವನು ಅದನ್ನು ಸುಲ್ತಾನ ಎಂದು ಕರೆದು ಗಿರಾಕಿಗಳಿಗೆ ತೋರಿಸುತ್ತಿದ್ದ. ಮೂಲೆಯಲ್ಲಿ ಮೀನು ಕರಿದು ಮಾರುವ ತಾತು ಅದನ್ನು ನನ್ನ ಗಂಡ ಎನ್ನುತ್ತಿದ್ದಳು. "ಊಟದ ಹೊತ್ತಿಗೆ ಮಾತ್ರ ಮುಖ ತೋರಿಸ್ತಾನಲ್ಲ, ಗಂಡ ಅಲ್ದೆ ಇನ್ನೇನು?" ಎಂದು ಮೀನಿನ ತಲೆ ಎಸೆದು ಕೊಟ್ಟು ನಗುತ್ತಿದ್ದಳು. ಕಜೀಜಾಳಿಗೆ ಬೆಕ್ಕು ಕಂಡರೇ ಆಗದು. ಅಂಗಳಕ್ಕೆ ಬಂದರೆ ಪೊರಕೆ ಎತ್ತುತ್ತಿದ್ದಳು.

ಲವಂಗದ ಕೊಯ್ಲಿನ ಕಾಲ. ಓಣಿಯುದ್ದಕ್ಕೂ ಚಾಪೆ ಹಾಸಿ ಲವಂಗ ಒಣಹಾಕಿದ್ದರು. ಕಾಲಿಡಲು ಜಾಗವಿರಲಿಲ್ಲ. ನಾನೂ ಕಜೀಜಾಳೂ ಅವಳ ಜಗಲಿಯ ಮೇಲೆ ಕೂತು ಮೊಗ್ಗು ಬೇರೆ ತೊಟ್ಟು ಬೇರೆ ಮಾಡುತ್ತಿದ್ದೆವು. ಮಸೂದನ ಕೈಗಾಡಿಯವನು ಚಾಪೆಗಳ ನಡುವೆ ದಾರಿ ಮಾಡಿಕೊಂಡು ಬಂದರಿನ ಕಡೆ ಇಳಿಯುತ್ತಿದ್ದ. ಗಾಡಿಯ ಮೇಲೆ ಬಾಯಿ ಕಟ್ಟಿದ ಅಕ್ಕಿ ಚೀಲ. ಚೀಲ ಅಲುಗಾಡುತ್ತಿತ್ತು.

"ಏನಪ್ಪಾ ಅದು ಚೀಲದಲ್ಲಿ?" ಎಂದಳು ಕಜೀಜಾ.

"ಕಸ, ಬಿ ಕಜೀಜಾ. ಸಮುದ್ರಕ್ಕೆ ಹಾಕಿ ಬಾ ಅಂದ್ರು ಮಸೂದಣ್ಣ."

"ಮಸೂದನ ಅಂಗಡಿ ಕಸ ಯಾವಾಗಿಂದ ಮಿಯಾವ್ ಅನ್ನೋಕೆ ಶುರು ಮಾಡ್ತು?"

"ನಂಗೇನ್ ಗೊತ್ತು? ಹೇಳಿದ್ದು ಮಾಡ್ತೀನಿ."

"ನಾಳೆ ನಿಮ್ಮಮ್ಮನ್ನ ಚೀಲಕ್ಕೆ ಹಾಕ್ಕೊಟ್ರೂ ಹೇಳಿದ್ದು ಮಾಡ್ತೀಯಾ? ಬಿಚ್ಚು!"

ಅವನು ಬಿಚ್ಚುವ ಮೊದಲೇ ಅವಳು ಎದ್ದು ಹೋಗಿ ಹಗ್ಗ ಕಿತ್ತಳು. ಒಳಗೆ ಸುಲ್ತಾನ. ಒಂದು ಕೆನ್ನೆ ದವಡೆಯ ಕೆಳಗಿನವರೆಗೆ ಊದಿ ನಿಂಬೆಹಣ್ಣಿನಷ್ಟಾಗಿತ್ತು. ಆ ಕಡೆಯ ಕಣ್ಣು ಮುಚ್ಚಿ ಹೋಗಿತ್ತು. ಬೇರೆ ಗಂಡು ಬೆಕ್ಕಿನ ಜೊತೆ ಕಾದಾಡಿ ಕಚ್ಚಿಸಿಕೊಂಡದ್ದು ಒಳಗೊಳಗೇ ಕೀವು ಕಟ್ಟಿತ್ತು. ಹತ್ತಿರ ಹೋದರೆ ವಾಸನೆ. ಅಷ್ಟು ದೊಡ್ಡ ಪ್ರಾಣಿ ಓಡಲೂ ಇಲ್ಲ, ಪರಚಲೂ ಇಲ್ಲ. ಚೀಲದಲ್ಲಿ ಕೂತು ನಡುಗುತ್ತಿತ್ತು.

ಕಜೀಜಾ ಚೀಲದ ಸಮೇತ ಬೆಕ್ಕನ್ನು ಎತ್ತಿಕೊಂಡು ನೇರ ಅಂಗಡಿಗೆ ನಡೆದಳು. ನಾನು ಹಿಂದೆ.

"ಮಸೂದು, ಇದು ನಿನ್ನ ಸುಲ್ತಾನ ಅಲ್ವಾ?"

ಮಸೂದ ತಕ್ಕಡಿಯಿಂದ ತಲೆ ಎತ್ತಲಿಲ್ಲ. "ನನ್ನದ್ಯಾಕೆ ಆಗುತ್ತೆ ಬಿ ಕಜೀಜಾ? ಬೀದಿ ಬೆಕ್ಕು. ಅಕ್ಕಿ ಹತ್ರ ನಾರ್ತಾ ಕೂತ್ರೆ ಗಿರಾಕಿಗಳು ಬರ್ತಾರಾ, ನೀವೇ ಹೇಳಿ."

"ಇಲಿ ಹಿಡಿಯೋವಾಗ ಸುಲ್ತಾನ, ಕೀವು ಬಂದಾಗ ಬೀದಿ ಬೆಕ್ಕು. ಚೆನ್ನಾಗಿದೆ ಕಣಪ್ಪಾ ನಿನ್ನ ತಕ್ಕಡಿ."

ಬರುವಾಗ ತಾತುವಿನ ಒಲೆ ದಾಟಬೇಕು. ಅವಳು ದೂರದಿಂದಲೇ ಜಾಲರಿ ಸೌಟು ಆಡಿಸಿದಳು. "ಇತ್ಲಾಗೆ ತರಬೇಡ್ರಮ್ಮಾ! ಎಣ್ಣೆ ಕಾದಿದೆ, ಜನ ತಿನ್ನೋ ಜಾಗ."

"ನಿನ್ನ ಗಂಡ ಕಣೇ!"

"ಇವತ್ತೇ ತಲಾಕ್ ಕೊಟ್ಟೆ, ತಗೊಂಡ್ ಹೋಗಿ."

ಜಗಲಿಯ ಮೇಲೆ ಕೂತ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೀಲದಲ್ಲಿ ಹಾಕಿ ಸಮುದ್ರಕ್ಕೆ ಕಳಿಸಿದ್ದನ್ನು ಕುರಿತು ಅವರಲ್ಲಿ ಒಬ್ಬನೂ ಒಂದು ಮಾತು ಆಡಲಿಲ್ಲ.

ಹೀಗೆ ಬೆಕ್ಕು ಕಂಡರಾಗದ ಹೆಂಗಸಿನ ಹಿತ್ತಲಿಗೆ ಬೆಕ್ಕು ಬಂತು. "ಮಯಾಸಾ, ನಿನ್ನ ಹಳೇ ದಪ್ಪ ಬಟ್ಟೆ ಯಾವುದಾದ್ರೂ ತಾ" ಎಂದಳು. ನಾನು ತಂದ ಬಟ್ಟೆಯಲ್ಲಿ ಅದನ್ನು ಕತ್ತಿನವರೆಗೆ ಸುತ್ತಿದೆವು. ನಾನು ಮಡಿಲಲ್ಲಿ ಹಿಡಿದುಕೊಂಡೆ. ಅವಳು ಬಿಸಿನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ತನ್ನ ಮೊಣಕೈಗೆ ತಾಗಿಸಿ ಬಿಸಿ ನೋಡಿ, ಊದಿದ ಕೆನ್ನೆಗೆ ಒತ್ತಿ ಹಿಡಿದಳು. ಆರಿದರೆ ಮತ್ತೆ ಅದ್ದುವುದು, ಮತ್ತೆ ಒತ್ತುವುದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ನಮಾಜಿನ ಮೇಲೆ ಒಮ್ಮೆ, ಸಂಜೆ ಒಮ್ಮೆ. ಬೈಯುತ್ತಲೇ ಮಾಡಿದಳು. "ಯಾವಳ ಹಿಂದೆ ಹೋಗಿದ್ಯೋ ಹಾಳಾದವನೇ. ಕಚ್ಚಿಸ್ಕೊಳ್ಳೋದು ನೀನು, ಶಾಖ ಕೊಡೋದು ನಾನು."

ಮಾರನೆಯ ದಿನ ಶಾಖ ಕೊಡುತ್ತಿದ್ದಾಗಲೇ ಬಾವು ಒಡೆಯಿತು. ಹಸಿರು ಹಳದಿ ಕೀವು, ರಕ್ತ ಬೆರೆತದ್ದು, ಬಟ್ಟೆ ತೊಯ್ದು ನನ್ನ ಮಡಿಲಿಗೆ ಇಳಿಯಿತು. ಆ ನಾತ ನಾನು ಹೇಗೆ ಹೇಳಲಿ! ಬೆಕ್ಕನ್ನು ಅವಳ ಕೈಗೆ ತುರುಕಿ ಹಿತ್ತಲ ಮೂಲೆಗೆ ಓಡಿ ಕಕ್ಕಿದೆ. ತಿರುಗಿ ನೋಡಿದರೆ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. "ಬರ್ಲಿ, ಬರ್ಲಿ, ಎಲ್ಲಾ ಬಂದ್ಬಿಡ್ಲಿ" ಎಂದು ಮಗುವಿಗೆ ಹೇಳುವ ಹಾಗೆ ಹೇಳುತ್ತಾ ಮೆಲ್ಲಗೆ ಒತ್ತುತ್ತಿದ್ದಳು.

ಆಗ ಗೋಡೆಯ ಮೇಲಿಂದ ಸಲಹೆಗಳು ಬಂದವು. ಚೀಲ ಕಂಡು ನಕ್ಕವರ ಮನೆಯ ಹೆಂಗಸರೇ ಈಗ ಹಕೀಮರು. ಒಬ್ಬಳು ಸೀಮೆಎಣ್ಣೆ ಸುರಿ ಎಂದಳು. ಇನ್ನೊಬ್ಬಳು ಒಲೆ ಬೂದಿ ತುಂಬು ಎಂದಳು. ಮತ್ತೊಬ್ಬಳು ತಲೆನೋವಿನ ಮಾತ್ರೆಯನ್ನೇ ಕಾಗದದಲ್ಲಿ ಸುತ್ತಿ ಎಸೆದಳು. ಕಜೀಜಾ ಯಾರ ಮಾತೂ ಕೇಳಲಿಲ್ಲ. ತನ್ನ ಮಾತು ತಾನು ಕೇಳಿದಳು, ಅದೇ ತಪ್ಪಾಯಿತು. ನಮ್ಮ ದ್ವೀಪದಲ್ಲಿ ಹಲ್ಲು ನೋವಿಗೆ, ಹೊಟ್ಟೆ ನೋವಿಗೆ, ಗಾಯಕ್ಕೆ, ಸೊಳ್ಳೆಗೆ, ಎಲ್ಲಕ್ಕೂ ಲವಂಗದೆಣ್ಣೆ. ಅವಳು ಶೀಶೆ ತೆಗೆದು ಗಾಯದ ಸುತ್ತ ಚೆನ್ನಾಗಿ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಬೆಕ್ಕು ಜೊಲ್ಲು ಸುರಿಸತೊಡಗಿತು. ನಿಲ್ಲಲು ಹೋದರೆ ಹಿಂಗಾಲು ತಡವರಿಸಿದವು.

ಅವಳ ಮುಖ ಬಿಳಿಚಿಕೊಂಡಿತು. ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಇಬ್ಬರೂ ಜಾನುವಾರು ಕಚೇರಿಗೆ ಓಡಿದೆವು. ಅಲ್ಲಿ ಖತೀಬು ಎಂಬ ಹುಡುಗ ವಯಸ್ಸಿನ ವೈದ್ಯ, ಮೇಕೆಗಳಿಗೆ ಸೂಜಿ ಚುಚ್ಚುತ್ತಿದ್ದವನು ಬುಟ್ಟಿಗೆ ಮೂಗು ಹಾಕಿ ಕೇಳಿದ:

"ಲವಂಗದೆಣ್ಣೆ ಹಚ್ಚಿದವರು ಯಾರು?"

"ನಾನೇ. ಯಾಕೆ? ನಿಮ್ಮಮ್ಮ ನಿಂಗೂ ಹಚ್ಚಿರ್ತಾಳೆ."

"ನಾನು ಬೆಕ್ಕಲ್ಲ ತಾಯಿ. ಬೆಕ್ಕಿಗೆ ಇದು ವಿಷ. ನೆಕ್ಕಿದ್ರೆ ಹೊಟ್ಟೆಗೆ ಹೋಗುತ್ತೆ, ನೆಕ್ಕದಿದ್ರೂ ಚರ್ಮ ಕುಡಿಯುತ್ತೆ." ಮಾತಾಡುತ್ತಲೇ ಸಾಬೂನು ನೀರಲ್ಲಿ ಕೆನ್ನೆ, ಕತ್ತು ತೊಳೆಯುತ್ತಿದ್ದ.

"ವಿಷ ಅಂತ ಶೀಶೆ ಮೇಲೆ ಬರೀಬಾರ್ದಾ ಹಾಗಾದ್ರೆ?"

"ಬರೆದ್ರೆ ಓದ್ತಿದ್ರಾ?"

"ನಾನು ಓದಲ್ಲ, ಮಯಾಸಾ ಓದ್ತಾಳೆ!" ಎಂದು ಕೂಗಿದಳು. ಕೂಗಿದ್ದು ಅವನ ಮೇಲಲ್ಲ, ತನ್ನ ಮೇಲೆಯೇ. 

ಖತೀಬು ಗಾಯದ ಸುತ್ತ ಕೂದಲು ಬೋಳಿಸಿ, ಒಡೆದ ಬಾಯನ್ನು ಬ್ಲೇಡಿನಿಂದ ಸ್ವಲ್ಪ ಅಗಲ ಮಾಡಿ, ಒಳಗೆ ಉಳಿದಿದ್ದ ಕೀವು ತೆಗೆದು ಸೂಜಿ ಹಾಕಿದ. ಇನ್ನೊಂದು ಸೂಜಿಗೆ ಮತ್ತೆ ತನ್ನಿ ಎಂದ. "ಎಣ್ಣೆ ಬೇಡ, ಪುಡಿ ಬೇಡ. ಮನುಷ್ಯರ ಮಾತ್ರೆಯಂತೂ ಮುಟ್ಟಿಸಲೇಬೇಡಿ, ತಲೆನೋವಿನ ಮಾತ್ರೆ ಒಂದೇ ಸಾಕು ಕೊಲ್ಲೋಕೆ. ನೀರು ಕುದಿಸಿ ಆರಿಸಿ, ಚಿಟಿಕೆ ಉಪ್ಪು ಹಾಕಿ, ಅದರಲ್ಲಿ ತೊಳೀರಿ. ಮೇಲೆ ಬೇಗ ಮುಚ್ಚೋಕೆ ಬಿಡಬೇಡಿ. ಒಳಗಿಂದ ಮಾಗ್ತಾ ಬರ್ಬೇಕು. ಮೇಲೆ ಮುಚ್ಚಿ ಒಳಗೆ ಕೀವು ಉಳಿದ್ರೆ ಮತ್ತೆ ಇದೇ ಕತೆ. ಪರಚೋಕೆ ಬಿಡ್ಬೇಡಿ, ನೊಣ ಕೂರೋಕೆ ಬಿಡ್ಬೇಡಿ."

"ಬೇಡ ಬೇಡ ಅಂತ ಇಷ್ಟೆಲ್ಲಾ ಹೇಳ್ತೀಯ. ಬೆಕ್ಕಿಗೂ ಹೇಳು, ನನ್ ಕೈ ಪರಚಬೇಡ ಅಂತ" ಎಂದಳು. ಆದರೆ ದಾರಿಯುದ್ದಕ್ಕೂ ಅವನ ಮಾತುಗಳನ್ನು ನನ್ನ ಬಾಯಿಂದ ಮತ್ತೆ ಮತ್ತೆ ಹೇಳಿಸಿದಳು. ಮನೆಗೆ ಬಂದು ಶೀಶೆಯನ್ನು ಅಟ್ಟದ ಮೇಲೆ ಎತ್ತಿಟ್ಟಳು.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ತೊಳೆದ ಕೂಡಲೇ ಬೆಕ್ಕು ಹಿಂಗಾಲು ಎತ್ತಿ ಗಾಯ ಕೆರೆಯುತ್ತಿತ್ತು. ರಟ್ಟು ಕತ್ತರಿಸಿ ಕೊರಳಿಗೆ ಕಟ್ಟಿದರೆ ನೀರಿನ ಬಟ್ಟಲಿಗೆ ಅದ್ದಿ ಮೆತ್ತಗೆ ಮಾಡಿಕೊಂಡು ಕಿತ್ತು ಹಾಕಿತು. ಕಡೆಗೆ ಕಜೀಜಾ ಚಾಪೆಗೆಂದು ಹೆಣೆದಿಟ್ಟ ತಾಳೆಗರಿಯ ಪಟ್ಟಿಯನ್ನು ಸುತ್ತುಸುತ್ತಾಗಿ ಬಾಗಿಸಿ, ನಾನು ದಪ್ಪ ಸೂಜಿಯಲ್ಲಿ ಹೊಲಿದು, ದತ್ತೂರಿ ಹೂವಿನ ಆಕಾರದ ಪಟ್ಟಿ ಮಾಡಿದೆವು. ಅಂಚಿಗೆ ಮೆತ್ತನೆ ಬಟ್ಟೆ ಕೂಡಿಸಿದೆ. ಅದು ನಿಂತಿತು. ಬೆಕ್ಕು ಎರಡು ದಿನ ಗೋಡೆಗೆ ಡಿಕ್ಕಿ ಹೊಡೆಯುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯಿತು. ಆಮೇಲೆ ಸೋತು, ಅವಳು ಬೇಯಿಸಿದ ಮೀನಿನ ಸಾರನ್ನು ಅವಳ ಬೆರಳಿನಿಂದಲೇ ನೆಕ್ಕಿತು. ಹಗಲು ಸೊಳ್ಳೆಪರದೆಯ ಒಳಗೆ ಕೂಡಿ ಹಾಕುತ್ತಿದ್ದಳು, ನೊಣಕ್ಕೆ.

ನಲ್ಲಿಯ ಹತ್ತಿರ ಹೆಂಗಸರ ನಾಲಿಗೆಗೆ ಹಬ್ಬ. "ಸತ್ತವರನ್ನ ತೊಳೆಯೋ ಕೈಲಿ ಬೆಕ್ಕಿನ ಕೀವು ತೊಳೀತಾಳಂತೆ. ನಾನು ಸತ್ರೆ ಆ ಕೈ ನಂಗೆ ತಾಗಿಸಬೇಡ್ರಮ್ಮಾ" ಎಂದಳು ತಾತು, ಕಜೀಜಾಳಿಗೆ ಕೇಳಲಿ ಎಂದೇ.

ಕಜೀಜಾ ಕೊಡ ಕೆಳಗಿಟ್ಟಳು. "ನೀನು ಸತ್ರೆ ನಾನು ಬರ್ತೀನಿ ತಾತು. ಹೆದರ್ಬೇಡ. ಮೈ ತೊಳೀತೀನಿ. ಆದ್ರೆ ನಿನ್ನ ಬಾಯಿ ಇದೆಯಲ್ಲ, ಅದನ್ನ ತೊಳೆಯೋಷ್ಟು ನೀರು ಈ ನಲ್ಲೀಲಿ ಬರಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ಮನೆಗೆ ಬಂದು ಕೂತವಳು, "ಇವರ ಅಮ್ಮಂದಿರನ್ನೆಲ್ಲಾ ತೊಳೆದಿದೀನಿ ಮಯಾಸಾ. ಒಬ್ಬೊಬ್ಬರ ಮೈಯಲ್ಲಿ ಏನೇನಿತ್ತು ಅಂತ ಒಂದು ದಿನ ಬಾಯಿ ಬಿಟ್ಟಿಲ್ಲ ನಾನು" ಎಂದಳು. ಅದು ನಿಜ. ಜಗಳಗಂಟಿಯ ಬಾಯಿಂದ ಆ ವಿಷಯದ ಒಂದಕ್ಷರ ಹೊರಬಿದ್ದಿಲ್ಲ.

ಲವಂಗ ಒಣಗಿ ಮೂಟೆ ಸೇರುವ ಹೊತ್ತಿಗೆ ಗಾಯ ಒಳಗಿಂದ ಕೆಂಪಗೆ ತುಂಬಿಕೊಂಡು ಬಂದು ಮುಚ್ಚಿತು. ಬೋಳಿಸಿದ ಕೆನ್ನೆಯ ಮೇಲೆ ನವಿರಾಗಿ ಕೂದಲು ಮೂಡಿತು. ಕೊರಳ ಪಟ್ಟಿ ತೆಗೆದ ದಿನ ಬೆಕ್ಕು ಗೋಡೆ ಹತ್ತಿ, ಇಡೀ ಓಣಿಗೆ ಕಾಣುವ ಹಾಗೆ ಕೂತು ಮೈ ನೆಕ್ಕಿಕೊಂಡಿತು. ಅಷ್ಟೇ ಸಾಕಾಯಿತು. ತಾತು ಮೀನಿನ ತಲೆ ಹಿಡಿದು, "ಬಾರೋ ರಾಜಾ, ತಲಾಕ್ ವಾಪಸ್ ತಗೊಂಡೆ" ಎಂದು ಕರೆದಳು. ಸಂಜೆಗೆ ಮಸೂದನೇ ಬಂದ. ತೊಳೆದ ಉದ್ದಂಗಿ, ಕಸೂತಿ ಟೋಪಿ, ಮುಖದ ತುಂಬ ನಗು.

"ಸುಲ್ತಾನನ್ನ ಕರ್ಕೊಂಡ್ ಹೋಗೋಣ ಅಂತ ಬಂದೆ ಬಿ ಕಜೀಜಾ. ಅಂಗಡೀಲಿ ಇಲಿ ಕಾಟ ಜಾಸ್ತಿಯಾಗಿದೆ."

"ಯಾವ ಸುಲ್ತಾನ?"

"ಇದೇ, ನಮ್ಮ ಬೆಕ್ಕು."

"ನಿಮ್ಮ ಬೆಕ್ಕು ಸಮುದ್ರದಲ್ಲಿದೆ. ಹೋಗಿ ಮುಳುಗಿ ಹುಡುಕು. ಚೀಲದ ಮೇಲೆ ನಿನ್ನ ಅಂಗಡಿ ಹೆಸರೇ ಇದೆ, ಸಿಗುತ್ತೆ."

ಅವನ ನಗು ಸ್ವಲ್ಪ ಸಡಿಲವಾಯಿತು. ಬೆಕ್ಕಿನ ಕಡೆ ನೋಡಿ, "ಮುಖದ ಮೇಲೆ ಕಲೆ ಉಳಿದುಬಿಟ್ಟಿದೆಯಲ್ಲ, ಇನ್ನೂ ಸ್ವಲ್ಪ ಹುಷಾರಾಗಿ ನೋಡ್ಕೋಬಹುದಿತ್ತು" ಎಂದ.

ಆ ಮಾತು ಕೇಳಿ ನಾನು ಕತ್ತರಿ ಕೆಳಗಿಟ್ಟೆ. ಅವಳ ಕಣ್ಣು ಕೆಂಡವಾಯಿತು. ಪೊರಕೆಗೆ ಕೈ ಹೋದದ್ದು ನಾನು ಕಂಡೆ. ಮಸೂದನೂ ಕಂಡ. ಎರಡು ಹೆಜ್ಜೆ ಹಿಂದೆ ಸರಿದು ಬೇರೆ ದನಿಯಲ್ಲಿ ಹೇಳಿದ: "ನಂಗೋಸ್ಕರ ಅಲ್ಲ. ಅಮ್ಮ ಕೇಳ್ತಾ ಇದಾರೆ. ರಾತ್ರಿ ಅವರ ಕಾಲ ಹತ್ರ ಮಲಗ್ತಿತ್ತಲ್ಲ. ಸುಲ್ತಾನ ಎಲ್ಲಿ, ಸುಲ್ತಾನ ಎಲ್ಲಿ ಅಂತ ಒಂದೇ ಸಮ."

ಪೊರಕೆ ಕೆಳಗಿಳಿಯಿತು. ಮಸೂದನ ತಾಯಿ ಬಿ ರಾಯಾ ಓಣಿಯಲ್ಲಿ ಎಲ್ಲರಿಗಿಂತ ಹಿರಿಯಳು. ಶೋಕಾ ಮಲಗಿದ್ದಾಗ ದಿನಾ ಗಂಜಿ ಕಳಿಸುತ್ತಿದ್ದವಳು ಅವಳೊಬ್ಬಳೇ. ಹಾಸಿಗೆಗೆ ಹಾಸಲು ತನ್ನ ಹಳೆಯ ಕಂಗಾ ಬಟ್ಟೆಗಳನ್ನೆಲ್ಲ ಹರಿದು ಕೊಟ್ಟವಳು. ಸೊಂಟ ಮುರಿದುಕೊಂಡು ಮಲಗಿದ ಮೇಲೆ ಅವಳನ್ನು ನಾವು ಕಂಡಿರಲಿಲ್ಲ. ಯಾರು ಹೋದರೂ ಮಸೂದ ಬಾಗಿಲಲ್ಲೇ, "ಅಮ್ಮ ಮಲಗಿದಾರೆ, ಇನ್ನೊಂದಿನ ಬನ್ನಿ" ಎನ್ನುತ್ತಿದ್ದ.

"ನಿನ್ನ ಕೈಗೆ ಬೆಕ್ಕು ಕೊಡಲ್ಲ. ನಾನೇ ತಂದು ತೋರಿಸ್ತೀನಿ" ಎಂದಳು ಕಜೀಜಾ.

ಮಾರನೆಯ ದಿನ ಬೆಳಿಗ್ಗೆ, ಮಸೂದ ಅಂಗಡಿಯಲ್ಲಿದ್ದಾಗ ಹೋದೆವು. ಹಿಂದಿನ ಬಾಗಿಲ ಕಡೆ ತಿರುಗಿದ ನನ್ನ ತೋಳು ಹಿಡಿದೆಳೆದಳು. "ಇವತ್ತು ಹೆಣ ತೊಳೆಯೋಕೆ ಬಂದಿಲ್ಲ ನಾನು." ಕೆತ್ತನೆಯ ದೊಡ್ಡ ಬಾಗಿಲನ್ನೇ ತಟ್ಟಿದಳು. ಮಸೂದನ ಹೆಂಡತಿ ಜುವೇನಾ ತೆಗೆದಳು. ನಮ್ಮನ್ನು ನೋಡಿ ಅವಳ ಮುಖ ಸಣ್ಣದಾಯಿತು. ತಡೆಯಲು ಕೈ ಎತ್ತಿದಳು, ಆದರೆ ಬೆಕ್ಕು ಕಜೀಜಾಳ ತೋಳಿಂದ ಹಾರಿ ಒಳಗಿನ ಕೋಣೆಗೆ ಓಡಿಯೇಬಿಟ್ಟಿತು.

ಕೋಣೆಯ ತುಂಬ ಊದು ಧೂಪದ ಹೊಗೆ. ಕಣ್ಣು ಉರಿಯುವಷ್ಟು. ಮಂಚದ ಮೇಲೆ ಬಿ ರಾಯಾ, ಒಂದು ಹಿಡಿಯಷ್ಟಾಗಿದ್ದಳು. ಬೆಕ್ಕು ಕಾಲ ಬಳಿ ಸುತ್ತು ಹಾಕಿ ಮಲಗಿದ್ದೇ ಅವಳ ಬಾಯಿ ಅರಳಿತು. "ಬಂದ್ಯಾ ಕಳ್ಳ" ಎಂದಳು. ಆಮೇಲೆ, "ಯಾರು, ಕಜೀಜಾನಾ? ಬಾಮ್ಮಾ."

ಕಜೀಜಾ ಅವಳ ಕೈ ಹಿಡಿದುಕೊಂಡಳು, ಹಣೆ ಮುಟ್ಟಿದಳು. ಆಗ ಅವಳ ಮೂಗಿನ ಹೊಳ್ಳೆ ಅಗಲವಾಯಿತು. ಊದಿನ ಕೆಳಗೆ ಇನ್ನೊಂದು ವಾಸನೆ ಇತ್ತು. ಈಗ ನನಗೂ ಅದು ಗುರುತು ಸಿಗುತ್ತಿತ್ತು.

"ಅಮ್ಮಾ, ಸ್ವಲ್ಪ ಹೊರಳಿಸ್ತೀನಿ, ನೋಯುತ್ತೆ, ಬೈಕೊಳ್ಳಿ" ಎಂದು ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ಮೆಲ್ಲಗೆ ಮಗ್ಗುಲು ಮಾಡಿದಳು. ಬೆನ್ನಿನ ಕೆಳಗೆ, ಅಂಗೈಯಗಲ, ಮಾಂಸ ಕಪ್ಪಾಗಿ ಕಿತ್ತು ಬಂದಿತ್ತು.

ಜುವೇನಾ ಗೋಡೆಗೆ ಒರಗಿ ಅಳತೊಡಗಿದಳು. "ಅವರು ಯಾರಿಗೂ ಹೇಳ್ಬೇಡ ಅಂದ್ರು. ಅಂಗಡಿ ಮನೆಯವರ ಮಾನ ಹೋಗುತ್ತೆ, ಅಮ್ಮನ್ನ ನೋಡ್ಕೊಳ್ಳಲ್ಲ ಅಂತಾರೆ ಜನ ಅಂದ್ರು. ದಿನಾ ಒರೆಸ್ತೀನಿ ಬಿ ಕಜೀಜಾ, ಅಲ್ಲಾಹುವಿನಾಣೆ, ದಿನಾ ಒರೆಸ್ತೀನಿ. ಒಬ್ಬಳ ಕೈಲಿ ಎತ್ತೋಕಾಗಲ್ಲ."

ಕಜೀಜಾಳ ಬಾಯಿಂದ ಈಗ ಬೆಂಕಿ ಬರುತ್ತದೆ ಎಂದು ನಾನು ಅಂದುಕೊಂಡೆ. ಅವಳು ಆ ಹುಡುಗಿಯ ತಲೆಯ ಮೇಲೆ ಕೈ ಇಟ್ಟಳು. "ಆಗಲ್ಲ ಕಣೇ. ಒಬ್ಬಳ ಕೈಲಿ ಆಗೋದೇ ಇಲ್ಲ. ನಂಗೊತ್ತು. ಹೋಗು, ಮುಖ ತೊಳ್ಕೋ. ಕಿಟಕಿ ತೆಗಿ, ಈ ಹೊಗೆ ಮೊದಲು ಆಚೆ ಹೋಗ್ಲಿ."

ಬೆಂಕಿ ಬಂದದ್ದು ಅಂಗಡಿಯ ಮುಂದೆ. ಗಿರಾಕಿಗಳು ಸಾಲಾಗಿ ನಿಂತಿದ್ದರು, ಎದುರು ಜಗಲಿಯ ಮೇಲೆ ಗಂಡಸರು ಕಾಫಿ ಕುಡಿಯುತ್ತಿದ್ದರು. ಕಜೀಜಾ ನಡು ಓಣಿಯಲ್ಲಿ ನಿಂತು ಕೂಗಿದಳು: "ಮಸೂದೂ!"

"ಮೆಲ್ಲಗೆ ಬಿ ಕಜೀಜಾ, ಜನ ಇದಾರೆ."

"ಜನ ಇರ್ಲಿ ಅಂತಾನೇ ಬಂದೆ. ಬೆಕ್ಕು ನಾರಿದ್ರೆ ಚೀಲ, ಅಮ್ಮ ನಾರಿದ್ರೆ ಊದು! ಹುಣ್ಣಿಗೆ ಔಷಧಿ ಹಾಕಿದ್ರೆ ಮಾನ ಹೋಗುತ್ತಾ? ಹೊಗೆ ಹಾಕಿದ್ರೆ ಉಳಿಯುತ್ತಾ? ಆ ಹೆಂಗಸು ಈ ಓಣೀಲಿ ಹಸಿದವರ ಮನೆಗೆಲ್ಲಾ ಗಂಜಿ ಕಳಿಸಿದವಳು. ನಿಮ್ಮಲ್ಲಿ ಎಷ್ಟು ಜನ ಕುಡಿದಿದೀರಿ, ಎದ್ದು ನಿಂತು ಹೇಳಿ! ಇಷ್ಟು ಜನ ಗಂಡಸರಿದೀರಿ, ಒಬ್ಬಳು ಮುದುಕೀನ ಹೊರಳಿಸೋಕೆ ಒಂದು ಹುಡುಗಿ ಸಾಕಾ?"

ಯಾರೂ ಎದ್ದು ನಿಲ್ಲಲಿಲ್ಲ. ಕಾಫಿ ಬಟ್ಟಲು ಹಿಡಿದವರು ಬಟ್ಟಲನ್ನೇ ನೋಡಿದರು. ಮಸೂದನ ಮುಖ ಬೂದಿಯಾಯಿತು. "ಇಷ್ಟಾಗಿದೆ ಅಂತ ನಂಗೊತ್ತಿರಲಿಲ್ಲ" ಎಂದ.

"ಹೊದಿಕೆ ಎತ್ತಿ ನೋಡಿದ್ಯಾ?"

ಮಸೂದ ತಕ್ಕಡಿಯಲ್ಲಿದ್ದ ಅಕ್ಕಿ ಹಾಗೇ ಬಿಟ್ಟು ಅಂಗಡಿಯ ಹಲಗೆ ಎಳೆದ. ಅದೇ ಮಧ್ಯಾಹ್ನ ವ್ಯಾನು ತರಿಸಿ ತಾಯಿಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಕಜೀಜಾ ಜೊತೆಗೆ ಹೋದಳು, ಜುವೇನಾಳ ಕೈ ಹಿಡಿದುಕೊಂಡು. ಸತ್ತ ಮಾಂಸ ಕತ್ತರಿಸಿ ತೆಗೆದರು. ಬಹಳ ದಿನ ಅಲ್ಲೇ ಇರಬೇಕಾಯಿತು. ಹೊರಳಿಸುವುದು ಹೇಗೆಂದು ಆಸ್ಪತ್ರೆಯ ನರ್ಸಮ್ಮ ಮಸೂದನಿಗೇ ಕಲಿಸಿದಳು. ಅವನು ಅಲ್ಲಿ ಅತ್ತನಂತೆ. ಅಳಲಿ. ನನ್ನ ಮನಸ್ಸೇನೂ ಕರಗಲಿಲ್ಲ.

ಬಿ ರಾಯಾ ಮನೆಗೆ ಬಂದಿದ್ದಾಳೆ. ಹುಣ್ಣು ನಿಧಾನವಾಗಿ ಮಾಗುತ್ತಿದೆ. ಮಸೂದ ಬೆಳಿಗ್ಗೆ ಸಂಜೆ ಹೊರಳಿಸುತ್ತಾನೆ, ಮಧ್ಯಾಹ್ನ ಕಜೀಜಾ ಹೋಗುತ್ತಾಳೆ, ದೊಡ್ಡ ಬಾಗಿಲಿನಿಂದಲೇ. ಮೊನ್ನೆ ಮೇಲಿನ ಮನೆಯಲ್ಲಿ ಮದುವೆಯಾಯಿತು. ಕಜೀಜಾಳಿಗೆ ಮತ್ತೆ ಒಲೆಯ ಪಕ್ಕದ ಜಾಗವೇ. ಇಷ್ಟೆಲ್ಲ ಆದ ಮೇಲೂ! ನಾನು ನನ್ನ ತಟ್ಟೆ ಎತ್ತಿಕೊಂಡು ಹೋಗಿ ಅವಳ ಜೊತೆ ಹೊಗೆಯಲ್ಲಿ ಕೂತು ತಿಂದೆ. ಯಾರೂ ನಾಚಿಕೊಂಡ ಹಾಗೆ ಕಾಣಲಿಲ್ಲ.

ಇನ್ನು ಆ ಬೆಕ್ಕು. ರಾತ್ರಿ ಬಿ ರಾಯಾ ಕಾಲ ಬಳಿ, ಹಗಲು ಕಜೀಜಾಳ ಗೋಡೆ ಮೇಲೆ, ನಡುವೆ ಕಾದಾಟ. ಮಳೆ ಶುರುವಾಗುವ ಮೊದಲೇ ಮುಂಗಾಲು ಊದಿಸಿಕೊಂಡು ಕುಂಟುತ್ತಾ ಬಂತು. ಕಜೀಜಾ ಓಣಿಯೆಲ್ಲ ಕೇಳುವ ಹಾಗೆ ಶಪಿಸುತ್ತಾ ಮತ್ತೆ ಬಿಸಿನೀರು ಇಟ್ಟಳು. ಖತೀಬು ಬಂದು ನೋಡಿ ನಕ್ಕ. "ಬೀಜ ತೆಗೆಸಿದ್ರೆ ಈ ತಿರುಗಾಟ, ಕಾದಾಟ ಕಡಿಮೆಯಾಗುತ್ತೆ ತಾಯಿ. ಇಲ್ದಿದ್ರೆ ಜೀವಮಾನ ಪೂರ್ತಿ ನೀವು ಶಾಖ ಕೊಡ್ತಾ ಇರಿ."

ಕಾಲು ವಾಸಿಯಾದ ಮೇಲೆ ತೆಗೆಸಿದಳು.

ಆಗ ನೋಡಬೇಕಿತ್ತು ನಮ್ಮ ಓಣಿಯ ಗಂಡಸರನ್ನು! ಚೀಲದ ಬೆಕ್ಕನ್ನು ಕಂಡು ನಕ್ಕವರು, ಮುದುಕಿಯ ಬೆನ್ನು ಕೊಳೆತಾಗ ಕಾಫಿ ಬಟ್ಟಲು ನೋಡಿದವರು ಒಬ್ಬೊಬ್ಬರಾಗಿ ಅವಳ ಜಗಲಿಯ ಮುಂದೆ ಬಂದು ನಿಂತರು. ಅನ್ಯಾಯವಂತೆ. ಪಾಪವಂತೆ. ಪ್ರಾಣಿಗೂ ಒಂದು ಮರ್ಯಾದೆ ಇದೆಯಂತೆ. ಒಬ್ಬನ ಕಣ್ಣಲ್ಲಿ ನೀರೇ ಬಂದಿತ್ತು. ಮಸೂದನೂ ಹಿಂದೆ ನಿಂತು, "ನನ್ನನ್ನೊಂದು ಮಾತು ಕೇಳಬಹುದಿತ್ತು" ಎಂದು ಗೊಣಗಿದ.

ಕಜೀಜಾ ತೊಟ್ಟಿಲಿನಂಥ ಬುಟ್ಟಿಯಲ್ಲಿ ಮಲಗಿದ ಬೆಕ್ಕಿಗೆ ಮೀನಿನ ಸಾರು ನೆಕ್ಕಿಸುತ್ತಿದ್ದಳು. ತಲೆ ಎತ್ತಿ ಒಬ್ಬೊಬ್ಬರನ್ನೇ ಮೇಲಿಂದ ಕೆಳಗೆ ನೋಡಿದಳು.

"ಖತೀಬು ಇನ್ನೂ ಕೆಳಗೆ ಮೇಕೆ ನೋಡ್ತಾ ಇದಾನೆ" ಎಂದಳು. "ಕರೀಲಾ?"

ಜಗಲಿಯ ಮುಂದೆ ಒಬ್ಬನೂ ಉಳಿಯಲಿಲ್ಲ.